ಹಳೆ ಎಕ್ಸೆಲ್‌ನಲ್ಲಿ ತಟ್ಟನೆ ಬರುತ್ತಿದ್ದ ಚಾರ್ಟ್, ಹೊಸದರಲ್ಲಿ ಯಾಕೆ ತಡ?

2025ರ ಅಕ್ಟೋಬರ್ 14ರಂದು ಎಕ್ಸೆಲ್ ಸೇರಿರುವ ಆಫೀಸ್ 2016 ಮತ್ತು ಆಫೀಸ್ 2019ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ನಿಂತಿತು. ವಿಂಡೋಸ್ 10ರ ಮಾಮೂಲಿ ಬೆಂಬಲವೂ ಅದೇ ದಿನ ಮುಗಿಯಿತು. ಹಳೆ ಕಂಪ್ಯೂಟರ್, ಹಳೆ ಎಕ್ಸೆಲ್ ಇಟ್ಟುಕೊಂಡು ನೆಮ್ಮದಿಯಾಗಿದ್ದ ಎಷ್ಟೋ ಜನ ಎರಡನ್ನೂ ಒಟ್ಟಿಗೆ ಬದಲಿಸಬೇಕಾಯಿತು. ನಮ್ಮ ಸೋದರಮಾವ ಅವರಲ್ಲಿ ಒಬ್ಬರು. ಅವರಂತೂ ಇನ್ನೂ ಎಕ್ಸೆಲ್ 2003ರಲ್ಲೇ ಇದ್ದರು.

ಮಾವ ಮೂಡಿಗೆರೆ ಕಡೆ ಕಾಫಿ ಬೆಳೆಗಾರರು. ದಿನಾ ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಬಂದ ರೂಢಿ. ಇಂಚು, ಸೆಂಟ್ ಲೆಕ್ಕ. ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. 1985ರಿಂದ 2024ರವರೆಗಿನ 40 ವರ್ಷದ ಮಳೆಯನ್ನು ಅವರೇ ಕೂತು ಶೀಟಿಗೆ ಏರಿಸಿದ್ದಾರೆ. ಒಟ್ಟು 14,610 ದಿನ. ದಿನಕ್ಕೊಂದು ಕಂಬದಂತೆ ಒಂದು ಚಾರ್ಟ್. 2 ಇಂಚು ದಾಟಿದ ದಿನಗಳಿಗೆ ಕೆಂಪು, ಉಳಿದವಕ್ಕೆ ನೀಲಿ ಬಣ್ಣ ಹಚ್ಚಲು ಯಾರೋ ಒಂದು ಮ್ಯಾಕ್ರೊ ಬರೆದುಕೊಟ್ಟಿದ್ದರು. ಮ್ಯಾಕ್ರೊ ಅಂದರೆ ಎಕ್ಸೆಲ್‌ಗೆ ಬರೆದುಕೊಟ್ಟ ಕೆಲಸದ ಪಟ್ಟಿ.

ಹೊಸ ಕಂಪ್ಯೂಟರ್ ಬಂದ ವಾರದಲ್ಲೇ ಫೋನ್ ಬಂತು. "ಎಲ್ಲಾ ಜೋರಾಗಿದೆ ಕಣೋ. ಈ ಮಳೆ ಚಾರ್ಟ್ ಮಾತ್ರ ಹಳೇದಕ್ಕಿಂತ ನಿಧಾನ. ಏನಾದ್ರೂ ಕೆಟ್ಟಿದ್ಯಾ ನೋಡು."

ಕೆಟ್ಟಿರಲಿಲ್ಲ. ಆದರೆ ಇದು ಮಾವನೊಬ್ಬರ ಪ್ರಶ್ನೆಯಲ್ಲ. 2007ರಿಂದಲೂ ಜನ ಕೇಳುತ್ತಿರುವ ಪ್ರಶ್ನೆ. ಉತ್ತರ ಗೊತ್ತಾಗಬೇಕಾದರೆ, ಚಾರ್ಟ್ ಬರೆಯುವಾಗ ಎಕ್ಸೆಲ್ ಒಳಗೆ ಏನು ನಡೆಯುತ್ತದೆ ಅಂತ ಮೊದಲು ನೋಡಬೇಕು.

ಚಾರ್ಟ್ ಅಂದರೆ ಮತ್ತೆ ಮತ್ತೆ ಬರೆಯುವ ಚಿತ್ರ

ಶೀಟಿನಲ್ಲಿರುವುದು ಅಂಕಿ. ಚಾರ್ಟ್ ಆ ಅಂಕಿಗಳನ್ನು ನೋಡಿ ಬರೆದ ಚಿತ್ರ. ಈ ಚಿತ್ರ ಬರೆಯುವ ಕೆಲಸಕ್ಕೆ ಹಲವು ಹಂತಗಳಿವೆ. ಮೊದಲು ಸೆಲ್‌ಗಳಿಂದ ಅಂಕಿಗಳನ್ನು ತರಬೇಕು. ಅವುಗಳಲ್ಲಿ ಅತಿ ದೊಡ್ಡದು, ಅತಿ ಚಿಕ್ಕದು ಯಾವುದು ಅಂತ ಹುಡುಕಿ ಎಡಗಡೆಯ ಅಳತೆಪಟ್ಟಿ ಎಲ್ಲಿಂದ ಎಲ್ಲಿವರೆಗೆ ಅಂತ ತೀರ್ಮಾನಿಸಬೇಕು. ತಲೆಬರಹ, ಕೆಳಗಿನ ತಾರೀಖು, ಪಕ್ಕದ ಬಣ್ಣದ ಸೂಚಿ ಇವಕ್ಕೆಲ್ಲ ಎಷ್ಟು ಜಾಗ ಬೇಕು ಅಂತ ಅಕ್ಷರ ಅಳೆದು ನೋಡಬೇಕು. ಉಳಿದ ಜಾಗದಲ್ಲಿ ಪ್ರತಿ ಅಂಕಿಗೂ ಒಂದು ಕಂಬ ಅಥವಾ ಒಂದು ಚುಕ್ಕಿ ಇಡಬೇಕು. ಕೊನೆಗೆ ಅದನ್ನು ಪರದೆಯ ಪಿಕ್ಸೆಲ್‌ಗಳಾಗಿ ಮಾಡಬೇಕು. ಪಿಕ್ಸೆಲ್ ಅಂದರೆ ಪರದೆಯ ಮೇಲಿನ ಒಂದೊಂದು ಬಣ್ಣದ ಚುಕ್ಕಿ. 600 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರದ ಚಿಕ್ಕ ಚಾರ್ಟ್‌ನಲ್ಲೇ 1,80,000 ಚುಕ್ಕಿಗಳಿರುತ್ತವೆ.

ಒಮ್ಮೆ ಬರೆದರೆ ಮುಗಿಯಿತು ಅಂತಲೂ ಇಲ್ಲ. ಅಂಕಿ ಬದಲಾದರೆ, ಚಾರ್ಟ್ ಅಗಲ ಮಾಡಿದರೆ, ಶೀಟ್ ಮೇಲೆ ಕೆಳಗೆ ಸರಿಸಿದರೆ ಎಕ್ಸೆಲ್ ಅದನ್ನು ಮತ್ತೆ ತೋರಿಸಬೇಕು. ಅನೇಕ ಸಲ ಮತ್ತೆ ಬರೆಯಲೇಬೇಕು.

ಹಿಂದೆ ಹೀಗಿರಲಿಲ್ಲ. 1979ರಲ್ಲಿ ಬಂದ, ಎಕ್ಸೆಲ್ ಥರದ್ದೇ ಆದ ವಿಸಿಕ್ಯಾಲ್ಕ್‌ನಲ್ಲಿ ಬರೀ ಲೆಕ್ಕ. ಗ್ರಾಫ್ ಬೇಕಾದವರು ವಿಸಿಪ್ಲಾಟ್ ಅನ್ನುವ ಬೇರೆಯೇ ಸಾಫ್ಟ್‌ವೇರ್ ತೆರೆಯಬೇಕಿತ್ತು. ಆ ವಿಸಿಪ್ಲಾಟ್ ಬರೆದ ಮಿಚ್ ಕೇಪರ್ ಅವರೇ ಮುಂದೆ ಲೋಟಸ್ ಕಂಪನಿ ಕಟ್ಟಿದರು. 1983ರಲ್ಲಿ ಬಂದ ಅವರ ಲೆಕ್ಕದ ಸಾಫ್ಟ್‌ವೇರ್ ಲೋಟಸ್ 1-2-3ರಲ್ಲಿ ಎಫ್10 ಕೀಲಿ ಒತ್ತಿದರೆ ಗ್ರಾಫ್ ಬರುತ್ತಿತ್ತು. ಅಂದರೆ ನೀವು ಕೇಳಿದಾಗ ಮಾತ್ರ ಬರೆಯುವ ಪದ್ಧತಿ. ಆಮೇಲೆ ಚಾರ್ಟ್ ಅಂಕಿಗಳ ಪಕ್ಕದಲ್ಲೇ, ಶೀಟಿನ ಮೇಲೇ ಬಂದು ಕೂತಿತು. ಅಂಕಿ ತಿದ್ದಿದ ಕೂಡಲೇ ಚಿತ್ರವೂ ಬದಲಾಗುತ್ತದೆ. ಆ ಅನುಕೂಲದ ಜೊತೆಗೆ ಮತ್ತೆ ಮತ್ತೆ ಬರೆಯುವ ಖರ್ಚೂ ಬಂತು.

2003 ಬರೆಯುತ್ತಿದ್ದ ರೀತಿ, 2007 ಬರೆಯುವ ರೀತಿ

ಎಕ್ಸೆಲ್ 97ರಿಂದ 2003ರವರೆಗೆ ಚಾರ್ಟ್ ಬರೆಯುವ ಭಾಗ ಹೆಚ್ಚುಕಡಿಮೆ ಒಂದೇ ಥರ ಇತ್ತು. "ಇಲ್ಲಿಂದ ಅಲ್ಲಿಗೆ ಗೆರೆ ಎಳಿ, ಈ ಚೌಕಕ್ಕೆ ಈ ಬಣ್ಣ ತುಂಬು" ಅಂತ ಅದು ವಿಂಡೋಸ್‌ಗೆ ಹೇಳುತ್ತಿತ್ತು. ವಿಂಡೋಸ್ ಎಳೆಯುತ್ತಿತ್ತು. ಇಡೀ ಕಡತಕ್ಕೆ 56 ಬಣ್ಣಗಳ ಒಂದು ಪೆಟ್ಟಿಗೆ. ಓರೆ ಗೆರೆ ಎಳೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಕೆಲಸ ಕಮ್ಮಿ.

ಎಕ್ಸೆಲ್ 2007ರಲ್ಲಿ ಮೈಕ್ರೋಸಾಫ್ಟ್ ಈ ಭಾಗವನ್ನೇ ತೆಗೆದು ಹೊಸದನ್ನು ಕೂರಿಸಿತು. ವರ್ಡ್, ಪವರ್‌ಪಾಯಿಂಟ್, ಎಕ್ಸೆಲ್ ಮೂರಕ್ಕೂ ಸೇರಿ ಒಂದೇ ಚಿತ್ರ ಬರೆಯುವ ವ್ಯವಸ್ಥೆ. ನಯವಾದ ಅಂಚು, ಮಸುಕು ನೆರಳು, ಹಿಂದಿನದು ಕಾಣುವ ಅರೆಪಾರದರ್ಶಕ ಬಣ್ಣ, ಉಬ್ಬು, ಹೊಳಪು ಎಲ್ಲ ಬಂದವು. 56ರ ಪೆಟ್ಟಿಗೆ ಹೋಗಿ 1.6 ಕೋಟಿಗೂ ಜಾಸ್ತಿ ಬಣ್ಣಗಳು ಬಂದವು.

ಬೆಳಿಗ್ಗೆ ಬಾಗಿಲ ಮುಂದೆ ಹಾಕುವ ಚುಕ್ಕಿ ರಂಗೋಲಿ ನೆನೆಸಿಕೊಳ್ಳಿ. ಬಿಳಿ ಪುಡಿಯಲ್ಲಿ ಎಳೆ ಎಳೆದು ಎದ್ದುಬಿಡಬಹುದು. ಹಬ್ಬದ ದಿನ ಅದೇ ರಂಗೋಲಿಗೆ ಬಣ್ಣ ತುಂಬಿ, ಅಂಚಿನಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ಸೇರುವಂತೆ ತೀಡಿ, ಸುತ್ತ ಮತ್ತೆ ಗೆರೆ ಕಟ್ಟಬೇಕು. ಚುಕ್ಕಿಗಳ ಲೆಕ್ಕ ಎರಡಕ್ಕೂ ಒಂದೇ. ಹೊತ್ತು ಮಾತ್ರ ಬೇರೆ.

ಕಂಪ್ಯೂಟರ್‌ಗೂ ಹಾಗೇ. ಅಂಚು ನಯವಾಗಿ ಕಾಣಬೇಕಾದರೆ ಅಂಚಿನ ಪ್ರತಿ ಪಿಕ್ಸೆಲ್‌ನಲ್ಲಿ ಗೆರೆ ಎಷ್ಟು ಭಾಗ ಬಂದಿದೆ ಅಂತ ಲೆಕ್ಕ ಹಾಕಬೇಕು. ಅರ್ಧ ಬಂದಿದ್ದರೆ ಅರ್ಧ ಬಣ್ಣ. ಅರೆಪಾರದರ್ಶಕ ಬಣ್ಣವಾದರೆ ಕೆಳಗೆ ಯಾವ ಬಣ್ಣ ಇದೆ ಅಂತ ಮೊದಲು ಓದಿ, ಎರಡನ್ನೂ ಬೆರೆಸಿ, ಆಮೇಲೆ ಇಡಬೇಕು. ನೆರಳಿಗೆ ಅದೇ ಆಕಾರವನ್ನು ಇನ್ನೊಮ್ಮೆ ಬರೆದು ಮಸುಕು ಮಾಡಬೇಕು. 12 ತಿಂಗಳ 12 ಕಂಬಗಳಿಗೆ ಇಷ್ಟೆಲ್ಲ ಮಾಡಿದರೂ ಕಣ್ಣಿಗೆ ತಡ ಅನಿಸುವುದಿಲ್ಲ. 14,610 ಕಂಬಗಳಿಗೆ ಮಾಡಿದಾಗ ಅನಿಸುತ್ತದೆ.

ಹಾಗಾಗಿ "ಹೊಸದು ನಿಧಾನ" ಅನ್ನುವ ಮಾತು ಅರ್ಧ ಸರಿ. ಹೊಸದು ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತಿಲ್ಲ. ಜಾಸ್ತಿ ಕೆಲಸ ಮಾಡುತ್ತಿದೆ. ಮಾವನಿಗೆ ಫೋನಿನಲ್ಲಿ ನಾನು ಮೊದಲು ಹೇಳಿದ್ದೂ ಇದನ್ನೇ.

2007ರಲ್ಲಿ ಬಿದ್ದ ಪೆಟ್ಟು, ಆಮೇಲಿನ ಚೇತರಿಕೆ

2007 ಬಂದ ಹೊಸದರಲ್ಲಿ ದೊಡ್ಡ ಚಾರ್ಟ್ ಮಾಡುವ ಎಂಜಿನಿಯರ್‌ಗಳು, ಪ್ರಯೋಗಾಲಯದವರು, ಷೇರು ಲೆಕ್ಕದವರು ತುಂಬಾ ಬೇಸತ್ತರು. 2003ರಲ್ಲಿ ಸಲೀಸಾಗಿ ಸರಿಯುತ್ತಿದ್ದ ಶೀಟು ಇಲ್ಲಿ ತಡೆದು ತಡೆದು ಸರಿಯುತ್ತಿತ್ತು.

ಅದಕ್ಕೆ ಇನ್ನೊಂದು ಕಾರಣವೂ ಸೇರಿತ್ತು. ಎಕ್ಸೆಲ್ 2007 ಮತ್ತು ವಿಂಡೋಸ್ ವಿಸ್ಟಾ ಅಂಗಡಿಗೆ ಬಂದದ್ದು ಒಂದೇ ದಿನ, 2007ರ ಜನವರಿ 30. ಅದಕ್ಕೂ ಹಿಂದಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಗೆರೆ ಎಳೆದು ಬಣ್ಣ ತುಂಬುವ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್, ಅಂದರೆ ಚಿತ್ರದ ಕೆಲಸಕ್ಕೆಂದೇ ಇರುವ ಭಾಗ, ಕೈಜೋಡಿಸುತ್ತಿತ್ತು. ವಿಸ್ಟಾದ ಹೊಸ ಪರದೆ ವ್ಯವಸ್ಥೆಯಲ್ಲಿ ಆ ಹಳೆ ಪದ್ಧತಿಯ ಕೆಲಸ ಮುಖ್ಯ ಪ್ರೊಸೆಸರ್ ಮೇಲೇ ಬಿತ್ತು. ಎಕ್ಸ್‌ಪಿಯ 2003 ಮತ್ತು ವಿಸ್ಟಾದ 2007 ಹೋಲಿಸಿ ನೋಡಿದವರು ಗೊತ್ತಿಲ್ಲದೆಯೇ ಎರಡು ಬದಲಾವಣೆಗಳನ್ನು ಒಟ್ಟಿಗೆ ಅಳೆದಂತಾಗಿತ್ತು.

2009ರ ಏಪ್ರಿಲ್‌ನಲ್ಲಿ ಬಂದ ಎರಡನೇ ಸರ್ವಿಸ್ ಪ್ಯಾಕ್, ಅಂದರೆ ತಿದ್ದುಪಡಿಗಳ ಕಂತೆ, ಚಾರ್ಟ್ ಕೆಲಸವನ್ನು ಸುಧಾರಿಸಿತು. ಆದರೂ ಒಂದು ವಿಚಿತ್ರ ಉಳಿದೇ ಇತ್ತು. 2003ರ ಶೀಟಿನಲ್ಲಿ 65,536 ಸಾಲು. 2007ರಲ್ಲಿ ಅದು 10,48,576 ಸಾಲಾಯಿತು, ಅಂದರೆ ಹದಿನಾರು ಪಟ್ಟು. ಚಾರ್ಟ್‌ನ ಮಿತಿ ಮಾತ್ರ ಬದಲಾಗಲಿಲ್ಲ. ಒಂದು ಸೀರೀಸ್‌ನಲ್ಲಿ, ಅಂದರೆ ಒಂದು ಗೆರೆಯಲ್ಲಿ, 32,000 ಪಾಯಿಂಟ್‌ಗಿಂತ ಜಾಸ್ತಿ ಹಾಕುವಂತಿರಲಿಲ್ಲ. ಗಂಟೆಗೊಮ್ಮೆ ಉಷ್ಣಾಂಶ ಬರೆದುಕೊಳ್ಳುವವರು ಇದ್ದಾರೆ ಅಂದುಕೊಳ್ಳಿ. ನಾಲ್ಕು ವರ್ಷಕ್ಕೆ 35,064 ಅಂಕಿ. ಶೀಟಿನಲ್ಲಿ ಅವು ಮೂಲೆಗೂ ಸಾಲವು. ಚಾರ್ಟ್‌ಗೆ ಕೊಟ್ಟರೆ ಆಗುವುದಿಲ್ಲ ಅನ್ನುವ ಸಂದೇಶ. ಎಕ್ಸೆಲ್ 2010ರಲ್ಲಿ ಈ ಮಿತಿ ತೆಗೆದರು. ಈಗ ಕಂಪ್ಯೂಟರ್‌ನ ಮೆಮೊರಿ ಎಷ್ಟಿದೆಯೋ ಅಷ್ಟು. 2007ರ ನಂತರದ ಆವೃತ್ತಿಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ನೆರವೂ ಸಿಕ್ಕಿತು.

ನನ್ನ ಪ್ರಕಾರ ಹಳೆಯದು, ಹೊಸದು ಅಂತ ಹೇಳುವಾಗ ಇದನ್ನು ಮರೆಯಬಾರದು. "ಹೊಸ ಎಕ್ಸೆಲ್" ಅನ್ನುವುದು ಒಂದೇ ವಸ್ತುವಲ್ಲ. 2007ರ ಮೊದಲ ರೂಪ, ಸರ್ವಿಸ್ ಪ್ಯಾಕ್ ಹಾಕಿದ 2007, 2010, 2013 ಇವೆಲ್ಲ ಬೇರೆ ಬೇರೆ.

ಲೆಕ್ಕ ಜೋರು, ಚಿತ್ರ ನಿಧಾನ: ಇದು ಹೇಗೆ?

ಮಾವನ ಇನ್ನೊಂದು ಪ್ರಶ್ನೆ: "ಸೂತ್ರ ಎಲ್ಲಾ ಕಣ್ಣು ಮಿಟುಕಿಸೋದ್ರಲ್ಲಿ ಆಗತ್ತೆ. ಚಾರ್ಟಿಗೆ ಮಾತ್ರ ಏನು ಕಷ್ಟ?"

ಇವತ್ತಿನ ಪ್ರೊಸೆಸರ್ ಒಳಗೆ ನಾಲ್ಕೋ ಎಂಟೋ ಕೋರ್‌ಗಳಿರುತ್ತವೆ. ಒಂದೊಂದು ಕೋರ್ ಒಬ್ಬ ಕೆಲಸಗಾರ ಇದ್ದಂತೆ. ಎಕ್ಸೆಲ್ 2007ರಿಂದ ಸೂತ್ರಗಳ ಲೆಕ್ಕವನ್ನು ಇವರೆಲ್ಲರಿಗೂ ಹಂಚಲಾಗುತ್ತದೆ. ಆದರೆ ಮ್ಯಾಕ್ರೊ ಓಡುವುದು ಒಬ್ಬನ ಕೈಯಲ್ಲೇ. ಮ್ಯಾಕ್ರೊ ಚಾರ್ಟ್‌ಗೆ ಹೇಳುವ ಬದಲಾವಣೆಗಳೂ ಅದೇ ಸಾಲಿನಲ್ಲಿ ಒಂದರ ಹಿಂದೆ ಒಂದು ಬರಬೇಕು.

ಮದುವೆ ಮನೆಯ ಅಡುಗೆ ಕೋಣೆಯಲ್ಲಿ ಹತ್ತು ಜನ ಭಟ್ಟರಿದ್ದಾರೆ, ಪಂಕ್ತಿಗೆ ಬಡಿಸುವವ ಒಬ್ಬನೇ ಇದ್ದಾನೆ ಅಂದುಕೊಳ್ಳಿ. ಸಾರು, ಪಲ್ಯ, ಪಾಯಸ ಎಲ್ಲ ಬೇಗ ತಯಾರು. ಎಲೆ ಮುಂದೆ ಕೂತವರಿಗೆ ಮಾತ್ರ ಕಾಯುವುದು ತಪ್ಪಿದ್ದಲ್ಲ. ಇನ್ನೂ ಇಬ್ಬರು ಭಟ್ಟರನ್ನು ಕರೆಸಿದರೆ ಪ್ರಯೋಜನವಿಲ್ಲ. ಎಂಟು ಕೋರ್‌ನ ಕಂಪ್ಯೂಟರ್ ತಂದರೂ ಚಾರ್ಟ್ ಎಂಟು ಪಟ್ಟು ಜೋರಾಗದೆ ಇರುವುದು ಇದೇ ಕಾರಣಕ್ಕೆ.

64 ಬಿಟ್ ಆವೃತ್ತಿ ಹಾಕಿಕೊಂಡರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. 2010ರಲ್ಲಿ ಮೊದಲು ಬಂದ ಆ ಆವೃತ್ತಿಯಿಂದ ಜಾಸ್ತಿ ಮೆಮೊರಿ ಬಳಸಲು ಆಗುತ್ತದೆ. ದೊಡ್ಡ ಕಡತಗಳಿಗೆ ಅದು ನಿಜವಾಗಿಯೂ ಬೇಕು. ಬಡಿಸುವವನ ನಡಿಗೆ ಅದರಿಂದ ಜೋರಾಗುವುದಿಲ್ಲ.

ಮ್ಯಾಕ್ರೊ ಇದ್ದಾಗ ತೊಂದರೆ ಯಾಕೆ ಜಾಸ್ತಿ

ಮಾವನ ಮ್ಯಾಕ್ರೊ ತೆರೆದು ನೋಡಿದೆ. ಮೊದಲ ದಿನದ ಕಂಬ ಹಿಡಿ, ಮಳೆ 2 ಇಂಚು ದಾಟಿದೆಯಾ ನೋಡು, ದಾಟಿದ್ದರೆ ಕೆಂಪು, ಇಲ್ಲದಿದ್ದರೆ ನೀಲಿ, ಮುಂದಿನ ದಿನಕ್ಕೆ ಹೋಗು. ಹೀಗೆ 14,610 ಸಲ.

ಒಂದು ಕಂಬದ ಬಣ್ಣ ಬದಲಾದರೆ ಚಾರ್ಟ್ ಬದಲಾದಂತೆ. ಬದಲಾದ ಚಾರ್ಟನ್ನು ಎಕ್ಸೆಲ್ ಪರದೆಯ ಮೇಲೆ ತೋರಿಸಲು ಹೋಗುತ್ತದೆ. ಪ್ರತಿ ಸಲವೂ ಇಡೀ ಚಿತ್ರ ಮತ್ತೆ ಬರೆದರೆ 14,610 ಸಲ 14,610 ಕಂಬ. 21 ಕೋಟಿಗೂ ಜಾಸ್ತಿ ಕಂಬ ಬರೆದಂತೆ! ಗೋಡೆಗೆ ಒಂದು ಇಟ್ಟಿಗೆ ಇಟ್ಟ ಕೂಡಲೇ ಇಡೀ ಗೋಡೆಗೆ ಸುಣ್ಣ ಹೊಡೆದಂತೆ ಇದು. 2003ರಲ್ಲಿ ಒಂದು ಸಲ ಬರೆಯುವ ಖರ್ಚು ಕಮ್ಮಿ ಇದ್ದದ್ದರಿಂದ ಈ ಹುಚ್ಚು ಓಡಾಟ ಕಣ್ಣಿಗೆ ಬಿದ್ದಿರಲಿಲ್ಲ. ಹೊಸದರಲ್ಲಿ ಒಂದೊಂದು ಸಲದ ಖರ್ಚು ಏರಿತು. ಆಗ ಮುಚ್ಚಿಕೊಂಡಿದ್ದು ಎದ್ದು ಕಂಡಿತು.

ಇದಕ್ಕೊಂದು ಹಳೆ ಮದ್ದಿದೆ. ಮ್ಯಾಕ್ರೊದ ಆರಂಭದಲ್ಲಿ "ಸ್ಕ್ರೀನ್ ಅಪ್‌ಡೇಟಿಂಗ್" ಅನ್ನುವುದನ್ನು ಆಫ್ ಮಾಡಿ, ಕೊನೆಯಲ್ಲಿ ಆನ್ ಮಾಡುವುದು. ಕೆಲಸ ಮುಗಿಯುವವರೆಗೆ ಪರದೆಗೆ ಪರದೆ ಎಳೆದಂತೆ. ತುಂಬಾ ಕಡೆ ಇದರಿಂದಲೇ ದೊಡ್ಡ ವ್ಯತ್ಯಾಸ ಆಗುತ್ತದೆ. ಆದರೆ ಒಂದೊಂದೇ ಕಂಬವನ್ನು ಹುಡುಕಿ ಹಿಡಿಯುವ ಖರ್ಚು ಇದರಿಂದ ಹೋಗುವುದಿಲ್ಲ.

ಆ ಕಾಲದವರಿಗೆ ಇನ್ನೊಂದು ಕಷ್ಟವೂ ಇತ್ತು. ನಾವು ಮಾಡಿದ್ದನ್ನು ನೋಡಿ ತಾನೇ ಮ್ಯಾಕ್ರೊ ಬರೆದುಕೊಳ್ಳುವ ರೆಕಾರ್ಡರ್ 2007ರಲ್ಲಿ ಚಾರ್ಟ್‌ನ ಬಣ್ಣ, ಗೆರೆಗಳ ಬದಲಾವಣೆಯನ್ನು ದಾಖಲಿಸುತ್ತಲೇ ಇರಲಿಲ್ಲ. 2010ರಲ್ಲಿ ಅದು ವಾಪಸ್ ಬಂತು.

ಹೋಲಿಸುವುದಾದರೆ ಏನನ್ನು ಹೋಲಿಸುತ್ತೀರಿ?

"ಚಾರ್ಟ್ ನಿಧಾನ" ಅಂದಾಗ ಕಡತ ತೆರೆಯುವುದು ತಡವೋ, ಚಾರ್ಟ್ ಮೊದಲ ಸಲ ಮೂಡುವುದು ತಡವೋ, ಶೀಟ್ ಸರಿಸುವಾಗ ತಡವೋ, ಅಂಕಿ ಬದಲಾದಾಗ ತಡವೋ, ಮ್ಯಾಕ್ರೊ ತಡವೋ? ಒಂದೊಂದಕ್ಕೂ ಕಾರಣ ಬೇರೆ.

ಕಡತ ತೆರೆಯುವುದನ್ನೇ ನೋಡಿ. ಹಳೆಯ ಎಕ್ಸ್‌ಎಲ್‌ಎಸ್ ಕಡತ ಕಂಪ್ಯೂಟರ್‌ಗೆ ಮಾತ್ರ ಓದಲು ಬರುವ ಸಂಕೇತಗಳ ಗಂಟು. ಹೊಸ ಎಕ್ಸ್‌ಎಲ್‌ಎಸ್‌ಎಕ್ಸ್ ಕಡತದ ಒಳಗಿರುವುದು ಅಕ್ಷರಗಳಲ್ಲಿ ಬರೆದ ಪಟ್ಟಿಗಳು, ಅವನ್ನು ಒತ್ತಿ ಒಂದು ಜಿಪ್ ಮಾಡಿದ್ದಾರೆ. ಬೇಕಾದರೆ ನೀವೇ ನೋಡಬಹುದು. ಕಡತದ ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯ ಎಕ್ಸ್‌ಎಲ್‌ಎಸ್‌ಎಕ್ಸ್ ತೆಗೆದು ಜಿಪ್ ಅಂತ ಬರೆದು ತೆರೆಯಿರಿ. ಒಳಗೆ ಎಕ್ಸ್‌ಎಲ್ ಅನ್ನುವ ಫೋಲ್ಡರ್, ಅದರೊಳಗೆ ಚಾರ್ಟ್ಸ್ ಅನ್ನುವ ಫೋಲ್ಡರ್ ಇರುತ್ತದೆ. ಅದರಲ್ಲಿ ಚಾರ್ಟ್‌ನ ಪ್ರತಿ ಪಾಯಿಂಟ್‌ನ ಬೆಲೆಯನ್ನೂ ಸಾಲಾಗಿ ಬರೆದಿರುವುದು ಕಾಣುತ್ತದೆ. ಪಾಯಿಂಟಿಗೊಂದು ಬಣ್ಣ ಹಚ್ಚಿದ್ದರೆ ಅದಕ್ಕೂ ಬೇರೆ ಬೇರೆ ಸಾಲುಗಳು. ಮಾವನ ಕಡತದಲ್ಲಿ ಆ ಪಟ್ಟಿ ಕೆಳಗೆ ಎಳೆದಷ್ಟೂ ಮುಗಿಯಲಿಲ್ಲ. ತೆರೆಯುವಾಗ ಎಕ್ಸೆಲ್ ಇದನ್ನೆಲ್ಲ ಓದಬೇಕು.

ಸರಿಯಾಗಿ ಹೋಲಿಸಬೇಕಾದರೆ ಕಂಪ್ಯೂಟರ್ ಒಂದೇ ಇರಲಿ. ಅಂಕಿಗಳು ಅವೇ ಇರಲಿ. ಚಾರ್ಟ್‌ನ ಅಳತೆ, ಜೂಮ್ ಅಷ್ಟೇ ಇರಲಿ. ನೆರಳು, ಗೆರೆಯ ದಪ್ಪ ಎರಡೂ ಕಡೆ ಒಂದೇ ಥರ ಇರಲಿ. ಹಳೆ ಕಡತ ತೆರೆದಾಗ ಮೇಲೆ "ಕಂಪ್ಯಾಟಿಬಿಲಿಟಿ ಮೋಡ್" ಅಂತ ಬಂದರೆ ಹೊಸ ರೂಪದಲ್ಲಿ ಉಳಿಸಿ ಇನ್ನೊಮ್ಮೆ ನೋಡಿ. ಮೊದಲ ಸಲದ ಅಳತೆ ಬಿಟ್ಟುಬಿಡಿ, ಆಗ ಬೇರೆ ಸಾಮಾನುಗಳೂ ತೆರೆದುಕೊಳ್ಳುತ್ತಿರುತ್ತವೆ. ಆಮೇಲಿನ ಮೂರು ಸಲದ್ದು ನೋಡಿ.

ಮಾವನ ಚಾರ್ಟ್‌ಗೆ ಮಾಡಿದ್ದು

ಮೊದಲು ಮ್ಯಾಕ್ರೊ ತೆಗೆದುಹಾಕಿದೆ. ಬದಲಿಗೆ ಮಳೆಯ ಪಕ್ಕದಲ್ಲಿ ಎರಡು ಕಾಲಂ. ಒಂದರಲ್ಲಿ ಇಫ್ ಸೂತ್ರ: ಮಳೆ 2 ಇಂಚು ದಾಟಿದ್ದರೆ ಅದೇ ಅಂಕಿ, ಇಲ್ಲದಿದ್ದರೆ ಸೊನ್ನೆ. ಇನ್ನೊಂದರಲ್ಲಿ ಅದಕ್ಕೆ ತದ್ವಿರುದ್ಧ. ಎರಡನ್ನೂ ಒಂದರ ಮೇಲೊಂದು ಕೂರುವ ಕಂಬದ ಚಾರ್ಟ್‌ಗೆ ಎರಡು ಸೀರೀಸ್ ಮಾಡಿ ಕೊಟ್ಟೆ. ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. 14,610 ಸಲ ಹಚ್ಚುತ್ತಿದ್ದ ಬಣ್ಣ ಎರಡೇ ಸಲಕ್ಕೆ ಮುಗಿಯಿತು. ಹೊಸ ದಿನದ ಮಳೆ ಬರೆದರೆ ಬಣ್ಣ ತಾನಾಗಿ ಬರುತ್ತದೆ. ಕಂಬಗಳ ನೆರಳು, ಸುತ್ತಲ ಗೆರೆ ತೆಗೆದೆ.

ಆಮೇಲೆ ಪಿಕ್ಸೆಲ್ ಲೆಕ್ಕ. 600 ಪಿಕ್ಸೆಲ್ ಅಗಲದಲ್ಲಿ 14,610 ದಿನ ಅಂದರೆ ಒಂದು ಪಿಕ್ಸೆಲ್‌ಗೆ 24 ದಿನ. 24 ಕಂಬಗಳು ಒಂದರ ಮೇಲೊಂದು ಬಿದ್ದು, ಕಾಣುವುದು ಅತಿ ಎತ್ತರದ್ದೊಂದೇ. ಕಾಣದ ಕಂಬಗಳನ್ನೂ ಎಕ್ಸೆಲ್ ಪಾಪ ಬರೆಯುತ್ತಲೇ ಇರುತ್ತದೆ. ಅಂಕಿಗಳನ್ನು ಗುಂಪು ಮಾಡಿ ಕೂಡಿಸಿಕೊಡುವ ಪಿವಟ್ ಟೇಬಲ್‌ನಲ್ಲಿ ತಿಂಗಳ ಒಟ್ಟು ಮಾಡಿದರೆ 40 ವರ್ಷಕ್ಕೆ 480 ಕಂಬ ಸಾಕು.

ಮಾವ ಒಪ್ಪಲಿಲ್ಲ. "ತಿಂಗಳ ಲೆಕ್ಕದಲ್ಲಿ ಒಂದೇ ದಿನ ಸುರಿದಿದ್ದು ಗೊತ್ತಾಗಲ್ವಲ್ಲೋ. ಗಿಡ ಕೆಡೋದು ಆ ಒಂದು ದಿನದಿಂದ್ಲೇ." ಅವರು ಹೇಳಿದ್ದು ಸರಿ. ಒಟ್ಟು ಮಾಡಿದಾಗ ಏನು ಮುಚ್ಚಿಹೋಗುತ್ತದೆ ಅನ್ನುವುದು ಆ ಅಂಕಿಯ ಜೊತೆ ಬದುಕುವವರಿಗೇ ಗೊತ್ತು. ಹಾಗಾಗಿ ಎರಡು ಚಾರ್ಟ್ ಮಾಡಿದೆವು. ಮೇಲೆ 40 ವರ್ಷದ ತಿಂಗಳ ಚಾರ್ಟ್. ಕೆಳಗೆ ಒಂದು ವರ್ಷದ ದಿನದ ಚಾರ್ಟ್. ವರ್ಷವನ್ನು ಒಂದು ಪಟ್ಟಿಯಿಂದ ಆರಿಸಿಕೊಳ್ಳಬಹುದು. ಆ ವರ್ಷದ ಅಂಕಿ ತರಲು ಇಂಡೆಕ್ಸ್ ಸೂತ್ರ ಹಾಕಿದೆ. ಆಫ್‌ಸೆಟ್ ಸೂತ್ರದಿಂದಲೂ ಆಗುತ್ತಿತ್ತು. ಆದರೆ ಅದು ಶೀಟಿನಲ್ಲಿ ಎಲ್ಲಿ ಏನು ಬದಲಾದರೂ ತಾನೂ ಮತ್ತೆ ಲೆಕ್ಕ ಹಾಕಿಕೊಳ್ಳುತ್ತದೆ, ಚಾರ್ಟನ್ನೂ ಸುಮ್ನೆ ಎಬ್ಬಿಸುತ್ತದೆ.

ಇಷ್ಟು ಮಾಡಿದ ಮೇಲೂ ನಿಮ್ಮ ಚಾರ್ಟ್ ಮಿನುಗುತ್ತಿದ್ದರೆ, ತಡೆಯುತ್ತಿದ್ದರೆ ಇನ್ನೊಂದು ಜಾಗ ನೋಡಿ. 2013, 2016ರಂಥ ಆವೃತ್ತಿಗಳಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್‌ಡ್ ಒಳಗೆ ಡಿಸ್‌ಪ್ಲೇ ಭಾಗದಲ್ಲಿ ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಿಲರೇಶನ್ ನಿಲ್ಲಿಸುವ ಗುರುತಿದೆ. ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಹಳೆಯದಾಗಿದ್ದಾಗ ಅದರ ನೆರವೇ ತೊಡಕಾಗುವುದುಂಟು. ಮಾವನ ಕಂಪ್ಯೂಟರ್‌ಗೆ ಅದು ಬೇಕಾಗಲಿಲ್ಲ.

ಈಗ ಅವರು ವರ್ಷ ಆರಿಸಿದರೆ ಚಾರ್ಟ್ ಕೂಡಲೇ ಮೂಡುತ್ತದೆ. ಅಟ್ಟದಿಂದ 1985ಕ್ಕಿಂತ ಹಿಂದಿನ ಪುಸ್ತಕಗಳನ್ನೂ ಇಳಿಸಿದ್ದಾರೆ. ಅಜ್ಜನ ಅಕ್ಷರದ ಇಂಚು, ಸೆಂಟುಗಳನ್ನು ದಿನಕ್ಕೆ ಒಂದೆರಡು ತಿಂಗಳಂತೆ ಶೀಟಿಗೆ ಏರಿಸುತ್ತಿದ್ದಾರೆ.